ಟೆನ್ನಿಸ್ ಟೂರ್ನಮೆಂಟಿಗೆ ಅಡ್ಡ ಬಂದ ಟೆನ್ನಿಸ್ ಕೋರ್ಟು

ನಿಮಗೂ ಹೀಗಾಗಿದೆಯಾ, ಹೇಳಿ. ನೀವು ಮಾಡುವ ಕೆಲಸಕ್ಕೆ ಒಂದು ಹೆಸರಿರುತ್ತದೆ. ಅದೇ ಹೆಸರನ್ನು ನಿಮ್ಮೂರಿನವರು ಬೇರೆ ಯಾವುದಕ್ಕೋ ಇಟ್ಟುಕೊಂಡಿರುತ್ತಾರೆ. ನೀವು ತಿದ್ದುತ್ತಲೇ ಇರುತ್ತೀರಿ, ಅವರು ತಲೆಯಾಡಿಸುತ್ತಲೇ ಇರುತ್ತಾರೆ, ಕೊನೆಗೊಂದು ದಿನ ಅವರ ಅರ್ಥವೇ ಗೆದ್ದು ನಿಮ್ಮ ಕೆಲಸ ಮಣ್ಣುಪಾಲಾಗುತ್ತದೆ. ಆಗಿದೆಯಾ? ನನಗೆ ಆಗಿದೆ. ಮಣ್ಣುಪಾಲು ಅಂತ ಮಾತಿಗೆ ಹೇಳುತ್ತಿಲ್ಲ. ಜೆಸಿಬಿಯಲ್ಲಿ ಬಾಚಿ ಟಿಪ್ಪರಿಗೆ ತುಂಬಿಸಿದ ಮಣ್ಣಿನ ಮಾತು ಇದು.

ನಾನು ಕಾಲೇಜೊಂದರಲ್ಲಿ ಟೆನ್ನಿಸ್ ಕೋಚ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕು ಊರುಗಳಲ್ಲಿ ಒಂದು ಊರಿನ ಕಾಲೇಜು. ಯಾವ ಊರು ಅಂತ ಹೇಳಲ್ಲ. ಹೇಳಿದ ತಕ್ಷಣ ನೀವು ಕೆಳಗೆ ಕಾಮೆಂಟಿನಲ್ಲಿ ಕಾಲೇಜಿನ ಹೆಸರು ಹಾಕಿ ನನ್ನನ್ನು ಸಿಕ್ಕಿಸುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು.

ನಮ್ಮ ಕಡೆಯವರಿಗೆ ವಿವರಿಸುವ ಅಗತ್ಯವಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಟೆನ್ನಿಸ್ ಅಂದರೆ ಕ್ರಿಕೆಟ್. ಟೆನ್ನಿಸ್ ಬಾಲಿನಲ್ಲಿ ಆಡುವ ಕ್ರಿಕೆಟ್. ಗಟ್ಟಿ ಚೆಂಡಿನದು 'ಆರ್ಡ್ ಬಾಲು', ಇದು 'ಟೆನ್ನಿಸ್ಸು'. ಭತ್ತ, ರಾಗಿ ಕೊಯ್ದು ಗದ್ದೆ ಹೊಲ ಖಾಲಿಯಾದ ಮೇಲೆ ಊರೂರಿಗೂ ಫ್ಲೆಕ್ಸ್ ಬೀಳುತ್ತದೆ: ಟೆನ್ನಿಸ್ ಪಂದ್ಯಾವಳಿ, ಮೊದಲ ಬಹುಮಾನ ಟಗರು. ಯಾರಾದರೂ ಹುಡುಗನನ್ನು 'ಟೆನ್ನಿಸ್ನಲ್ಲಿ ಒಳ್ಳೆ ಪ್ಲೇಯರ್ರು' ಅಂದರೆ ಅವನು ರಾಕೆಟ್ಟನ್ನು ಟೀವಿಯಲ್ಲಿ ಮಾತ್ರ ನೋಡಿರುತ್ತಾನೆ ಅಂತ ಅರ್ಥ.

ನಾನೇ ಟೆನ್ನಿಸಿಗೆ ಬಂದದ್ದೂ ಇಂಥದೇ ಒಂದು ಎಡವಟ್ಟಿನಿಂದ. ಕಟ್ಟೆಮಳಲವಾಡಿ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಸ್ಕೂಲಿನಿಂದ ಬಂದು ಚೀಲ ಎಸೆದರೆ ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು ಕೋಲಿಗೆ ಸೊಪ್ಪು ಕಟ್ಟುವುದೇ ನಮಗೆ ಟ್ಯೂಷನ್ನು. ಹಸಿ ಸೊಪ್ಪಿನ ಅಂಟು ಕೈಗೆ ಕಪ್ಪಗೆ ಹತ್ತಿಕೊಂಡರೆ ಸೋಪಿಗೂ ಬಗ್ಗುತ್ತಿರಲಿಲ್ಲ. ಸ್ಕೂಲಿನಲ್ಲಿ ಹುಡುಗಿಯರಿಗೆ ಇದ್ದದ್ದು ಒಂದೇ ಆಟ, ರಿಂಗು. ಬಲೆಯ ಈಚೆಯಿಂದ ರಬ್ಬರ್ ಬಳೆ ಎಸೆಯಬೇಕು, ಆಚೆಯವರು ಹಿಡಿದು ವಾಪಸ್ ಎಸೆಯಬೇಕು. ಅದಕ್ಕೆ ಟೆನಿಕಾಯ್ಟ್ ಅಂತ ದೊಡ್ಡ ಹೆಸರು. ನಮ್ಮ ಪಿ.ಟಿ. ಮೇಷ್ಟ್ರ ನಾಲಿಗೆಗೆ ಅಷ್ಟುದ್ದ ಹೊರಳದೆ 'ಟೆನ್ನಿ' ಅಂದುಬಿಟ್ಟರು. ನಮಗೂ ಅದು ಟೆನ್ನಿಯೇ ಆಯಿತು. ಅದರಲ್ಲಿ ನಾನು ತಾಲ್ಲೂಕಿಗೆ ಮೊದಲು.

ಡಿಗ್ರಿಗೆ ಮೈಸೂರಿನ ಕಾಲೇಜಿಗೆ ಸೇರಿದೆ. ಹಾಸ್ಟೆಲ್ ಸೀಟಿಗೆ ಆಟದಲ್ಲಿದ್ದರೆ ಒಳ್ಳೆಯದು ಅಂತ ಯಾರೋ ಹೇಳಿದರು. ಸೆಲೆಕ್ಷನ್ನಿಗೆ ಹೋಗಿ ನಿಂತೆ. ಬಿಳಿ ಟೋಪಿಯ ಹಿರಿಯ ಕೋಚ್ ಒಬ್ಬರು ಕೇಳಿದರು.

"ಏನಾಡ್ತೀಯಮ್ಮ?"

"ಟೆನ್ನಿ ಸಾರ್."

"ಟೆನ್ನಿಸ್ಸಾ?"

"ಊಂ ಸಾರ್." ಮೈಸೂರಿನವರು ಎಲ್ಲದಕ್ಕೂ ಒಂದು ಬಾಲ ಸೇರಿಸಿ ಮಾತಾಡುತ್ತಾರೆ, ಇದೂ ಅಂಥದೇ ಅಂದುಕೊಂಡೆ.

ಕೈಗೆ ರಾಕೆಟ್ ಕೊಟ್ಟರು. ಆಚೆ ಕಡೆಯಿಂದ ಮಡಿಕೆ ಸ್ಕರ್ಟಿನ ಹುಡುಗಿಯೊಬ್ಬಳು ಚೆಂಡು ಹೊಡೆದಳು. ನಾನು ರಾಕೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಚೆಂಡನ್ನು ಗಪ್ಪಂತ ಹಿಡಿದು, ಬಲೆ ದಾಟಿಸಿ ವಾಪಸ್ ಎಸೆದೆ. ರಿಂಗಿನಲ್ಲಿ ಹಾಗೇ ಅಲ್ಲವಾ? ಕೋರ್ಟಿನ ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು "ಅಯ್ಯೋ, ಕ್ಯಾಚು ಕಣ್ರೇ, ಔಟ್!" ಅಂದಳು.

ಕೋಚ್ ನಗಲಿಲ್ಲ. ಹತ್ತಿರ ಬಂದು ನನ್ನ ಅಂಗೈ ತಿರುಗಿಸಿ ನೋಡಿದರು. "ಏನಿದು ಕಪ್ಪು?"

"ಹೊಗೆಸೊಪ್ಪು ಸಾರ್. ಹೋಗಲ್ಲ."

"ಇರ್ಲಿ ಬಿಡು, ಗ್ರಿಪ್ಪು ಜಾರಲ್ಲ. ಅಷ್ಟು ಜೋರಾಗಿ ಬಂದ ಚೆಂಡು ಹಿಡಿದ್ಯಲ್ಲ, ಹೊಡೆಯೋದು ಕಲಿಸ್ಬೋದು" ಅಂದರು. ನನ್ನ ವೃತ್ತಿ ಶುರುವಾದದ್ದು ಹೀಗೆ. ಒಂದು ಅಕ್ಷರ ಹೆಚ್ಚಾಗಿ ಕೇಳಿಸಿಕೊಂಡದ್ದರಿಂದ.

ಆಮೇಲೆ ಕಲಿತೆ ಕಣ್ರೀ, ನಿಜವಾಗಿ ಕಲಿತೆ. ಬಲೆಯ ಹತ್ತಿರ ನಿಂತರೆ ನನ್ನನ್ನು ದಾಟಿಸುವುದು ಕಷ್ಟ ಅನ್ನುವ ಹಾಗೆ ಆಡಿದೆ. ಯೂನಿವರ್ಸಿಟಿ ತಂಡಕ್ಕೆ ಆಡಿದೆ. ಕೋಚಿಂಗ್ ಸರ್ಟಿಫಿಕೇಟು ಮಾಡಿದೆ. ಮೈಸೂರಿನಲ್ಲಿ ಕಾರಿನಲ್ಲಿ ಬರುವ ಮಕ್ಕಳಿಗೆ ಹೇಳಿಕೊಟ್ಟೆ. ಆ ಮಕ್ಕಳ ತಾಯಂದಿರು ಡಬ್ಬಿಯಲ್ಲಿ ಸೇಬು ಹೆಚ್ಚಿಕೊಂಡು ಬಂದು ಕೋರ್ಟಿನ ಪಕ್ಕ ಕೂತು, ತಮ್ಮ ಮಗುವಿಗೆ ಬಿಸಿಲು ತಾಗುತ್ತಿದೆ ಅಂತ ನನ್ನ ಮುಖ ನೋಡುತ್ತಿದ್ದರು, ಸೂರ್ಯನನ್ನು ನಾನೇ ಬಾಡಿಗೆಗೆ ತಂದಿದ್ದ ಹಾಗೆ. ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಬಂದೆ. ಗಂಡನಿಗೆ ಅಲ್ಲಿ ಮೋಟಾರು ರಿಪೇರಿ ಅಂಗಡಿ. ದಿನಾ ಮೈಸೂರಿಗೆ ಓಡಾಡಿ ಸಾಕಾಗಿ ಆಟ ಬಿಟ್ಟು ಕೂತಿದ್ದಾಗ ಈ ಕಾಲೇಜಿಗೆ ಟೆನ್ನಿಸ್ ಕೋಚ್ ಬೇಕು ಅನ್ನುವ ಸುದ್ದಿ ಬಂತು. ನಂಬಲಾಗಲಿಲ್ಲ. ನಮ್ಮ ಕಡೆಯ ಕಾಲೇಜಿಗೆ, ಟೆನ್ನಿಸ್ ಕೋಚು!

ಸಂದರ್ಶನ ಮಾಡಿದ್ದು ಆಡಳಿತ ಮಂಡಳಿಯ ಕಾರ್ಯದರ್ಶಿ. ಬಿಳಿ ಪಂಚೆ, ಕೈಯಲ್ಲಿ ದೊಡ್ಡ ಫೋನು, ನಗುಮುಖ. ಪಕ್ಕದಲ್ಲಿ ಪ್ರಿನ್ಸಿಪಾಲರು ಫೈಲಿನ ಕಡೆ ಕಣ್ಣು ನೆಟ್ಟು ಕೂತಿದ್ದರು.

"ನಮ್ ಉಡುಗ್ರು ಟೆನ್ನಿಸ್ನಲ್ಲಿ ಬೆಂಕಿ ಕಣಮ್ಮ" ಅಂದರು ಕಾರ್ಯದರ್ಶಿ. "ಆದ್ರೆ ಇಡ್ಯೋರಿಲ್ಲ ನೋಡಿ, ಇಡ್ದು ತಿದ್ದೋರಿಲ್ಲ. ಎಂಗಸ್ರಾದ್ರೂ ಪರ್ವಾಗಿಲ್ಲ, ಯೂನಿವರ್ಸಿಟಿಗ್ ಆಡಿದ್ದೀರಂತಲ್ಲ!"

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಮೊದಲ ದಿನ ಬಿಳಿ ಶೂ ಹಾಕಿಕೊಂಡು, ಎರಡು ರಾಕೆಟ್ ಹಿಡಿದುಕೊಂಡು ಮೈದಾನಕ್ಕೆ ಹೋದೆ. ಹುಡುಗರ ದಂಡು ಬ್ಯಾಟು ಹಿಡಿದು ನಿಂತಿತ್ತು. ಒಬ್ಬ ಮುಂದೆ ಬಂದು ಕೇಳಿದ: "ಮಿಸ್ಸೇ, ನೀವು ಬೌಲಿಂಗ್ ಕೋಚಾ, ಬ್ಯಾಟಿಂಗ್ ಕೋಚಾ?" ಹಿಂದಿನಿಂದ ಇನ್ನೊಬ್ಬ ಅಂದ: "ಲೇ, ಕೈಲಿ ಸೊಳ್ಳೆ ಒಡ್ಯೋ ಬ್ಯಾಟ್ ಅದೆ ಕಣ್ಲಾ, ಫೀಲ್ಡಿಂಗ್ ಕೋಚಿರ್ಬೇಕು."

ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಅವರಿಗೆ ಎಲ್ಲಾ ಗೊತ್ತಿತ್ತು. ತಪಾಸಣಾ ಸಮಿತಿ ಬರುವಾಗ ಎಲ್ಲೂ ಇಲ್ಲದ ಒಂದು ಆಟ ತೋರಿಸಬೇಕು ಅಂತ ಅವರೇ ಟೆನ್ನಿಸ್ ಹಾಕಿದ್ದರು. ಕಾರ್ಯದರ್ಶಿಗಳು ಅದನ್ನು ತಮ್ಮ ಟೆನ್ನಿಸ್ ಅಂದುಕೊಂಡು ಖುಷಿಯಾಗಿ ಒಪ್ಪಿದ್ದರು.

"ಬಿಡಿಸಿ ಹೇಳೋಕೆ ಹೋಗ್ಬೇಡಿ ಮೇಡಂ" ಅಂದರು ಪ್ರಿನ್ಸಿಪಾಲರು. "ಬಿಡಿಸಿ ಹೇಳಿದ್ರೆ ನಿಮ್ ಪೋಸ್ಟೇ ಇರಲ್ಲ. ಮೂಲೇಲಿ ನಿಮ್ಮದು ನೀವು ಆಡಿಸ್ಕೊಳಿ, ಮಿಕ್ಕಿದ್ದು ಅವರು ಆಡ್ಕೋತಾರೆ."

ಆದರೂ ನಾನು ಕಾರ್ಯದರ್ಶಿಗಳಿಗೆ ಬಿಡಿಸಿ ಹೇಳಿದೆ. ಒಂದು ಸಲವಲ್ಲ, ಸಿಕ್ಕಾಗಲೆಲ್ಲ. ರಾಕೆಟ್ ತೋರಿಸಿದೆ, ಫೋನಿನಲ್ಲಿ ಪಂದ್ಯ ಹಾಕಿ ತೋರಿಸಿದೆ. ಅವರು ಗಮನವಿಟ್ಟು ನೋಡಿ, ಕೊನೆಗೆ ತಲೆಯಾಡಿಸಿ ಹೇಳಿದರು: "ಓ, ಅರ್ಥಾತ್ ಇದು ಲೇಡೀಸ್ ಟೆನ್ನಿಸ್ಸು!" ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಆಡುತ್ತಿದ್ದವರು ಇಬ್ಬರೂ ಗಡ್ಡದ ಗಂಡಸರು ಅನ್ನುವುದು ಅವರಿಗೆ ಅಡ್ಡಿಯಾಗಲಿಲ್ಲ. ಬ್ಯಾಟಿನದು ಟೆನ್ನಿಸ್ಸು, ಬಲೆಯದು ಲೇಡೀಸ್ ಟೆನ್ನಿಸ್ಸು. ಕಾಲೇಜಿನಲ್ಲಿ, ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ ಅದೇ ಹೆಸರಾಯಿತು. ನನ್ನ ಗಂಡನ ಅಂಗಡಿಗೆ ಬಂದವರೂ "ನಿಮ್ಮನೇವ್ರು ಲೇಡೀಸ್ ಟೆನ್ನಿಸ್ ಕಲಿಸ್ತಾರಂತಲ್ಲ" ಅನ್ನತೊಡಗಿದರು.

ಮೂಲೆ ಸಿಕ್ಕಿತಲ್ಲ, ಅಲ್ಲೇ ಕೋರ್ಟು ಮಾಡಿದೆ. ಸಿಮೆಂಟು ಹಾಕಿಸುವ ಮಾತೇ ಇರಲಿಲ್ಲ. ನಮ್ಮ ಮನೆಯಲ್ಲಿ ಒಕ್ಕಣೆಗೆ ಕಣ ಮಾಡುತ್ತಿದ್ದದ್ದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಕೆಮ್ಮಣ್ಣು ಜರಡಿ ಹಿಡಿದು, ಹರಡಿ, ನೀರು ಚಿಮುಕಿಸಿ, ಕಲ್ಲುಗುಂಡು ಎಳೆದು, ಒಣಗಲು ಬಿಟ್ಟು, ಮತ್ತೆ ನೀರು, ಮತ್ತೆ ಗುಂಡು. ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರ, ಮಳೆ ನೀರು ನಿಲ್ಲಬಾರದು ನೋಡಿ. ಗುಂಡು ಎಳೆದವರು ನಾನು ಮತ್ತು ನನ್ನ ಹುಡುಗಿಯರು. ಒಂದು ಮಳೆಗಾಲ ಪೂರ್ತಿ ಕೂರಿಸಿ, ಬಿರುಕು ಬಿಟ್ಟಲ್ಲೆಲ್ಲ ತುಂಬಿ, ಮುಂದಿನ ವರ್ಷ ಸುಣ್ಣದ ಗೆರೆ ಎಳೆದೆವು. ಕಬ್ಬಿಣದ ಪೈಪಿನ ಎರಡು ಕಂಬ ನನ್ನ ಗಂಡ ಬೆಸುಗೆ ಹಾಕಿಸಿ ತಂದುಕೊಟ್ಟರು, ಅವುಗಳ ಬುಡಕ್ಕೆ ಮಾತ್ರ ಕಾಂಕ್ರೀಟ್ ಹಾಕಿಸಿ ನೆಟ್ಟೆವು. ಚೆಂಡು ಬಿದ್ದರೆ ಒಂದೇ ಎತ್ತರಕ್ಕೆ ಏಳಬೇಕು, ಅದು ಕೋರ್ಟು. ನಮ್ಮದು ಏಳುತ್ತಿತ್ತು. ಹೊಟ್ಟೆಕಿಚ್ಚು ಪಡಬೇಡಿ, ನಾಲ್ಕೂ ತಾಲ್ಲೂಕಿನಲ್ಲಿ ಅಂಥದ್ದನ್ನು ನಾನಂತೂ ಇನ್ನೊಂದು ಕಂಡಿಲ್ಲ.

ಈಗ ಅವಳ ವಿಷಯಕ್ಕೆ ಬರುತ್ತೇನೆ. ಇಷ್ಟೂ ಬರೆದದ್ದು ಅವಳಿಗಾಗಿ.

ಕೋಟೆ ಕಡೆಯ ಕಾಡಂಚಿನ ಆದಿವಾಸಿ ಹಾಡಿಯ ಹುಡುಗಿ. ಹಂಪಾಪುರದ ಹಾಸ್ಟೆಲ್ಲಿನಲ್ಲಿದ್ದು ಸ್ಕೂಲು ಮುಗಿಸಿ ನಮ್ಮ ಕಾಲೇಜಿಗೆ ಬಿ.ಎ.ಗೆ ಬಂದಿದ್ದಳು. ಆಟಕ್ಕೆ ಯಾಕೆ ಬಂದೆ ಅಂತ ಕೇಳಿದೆ. "ಆಸ್ಟೆಲ್ನಲ್ಲಿ ಸಾಯಂಕಾಲ ಉಪ್ಪಿಟ್ ಕೊಡ್ತಾರೆ ಮಿಸ್ಸೇ. ಇಲ್ಲಿದ್ರೆ ಅದು ಮುಗ್ದೋಗಿರ್ತದೆ" ಅಂದಳು. ಮುಖದಲ್ಲಿ ನಗುವಿಲ್ಲ. ಅವಳ ಜೋಕುಗಳೆಲ್ಲ ಹಾಗೇ, ಮುಖ ಗಂಟಿಕ್ಕಿಕೊಂಡೇ ಬರುತ್ತಿದ್ದವು. ಆಚೆ ಕಡೆಯವಳು ನಿಧಾನಕ್ಕೆ ಹೊಡೆದರೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಕ್ಕೋ, ನಿನ್ ಬಾಲು ಕೆಂಪ್ ಬಸ್ಸಲ್ಲಿ ಬತ್ತಾ ಅದಾ? ಟಿಕೆಟ್ ತಗಂಡದಾ?" ಅನ್ನುತ್ತಿದ್ದಳು. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಚೆಂಡಿನ ಹತ್ತಿರ ಇರುತ್ತಿದ್ದಳು. ನಾನು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಚೆಂಡು ಬಂದ ಮೇಲೆ ಓಡುವವರೇ ಎಲ್ಲ. ಇವಳು ಹೊಡೆಯುವವಳ ಭುಜ ನೋಡಿ ಮೊದಲೇ ಹೊರಟಿರುತ್ತಿದ್ದಳು. ಅದನ್ನು ನಾನು ಕಲಿಸಿರಲಿಲ್ಲ.

ಅವಳಿಗೆ ಬೇಕಿದ್ದದ್ದು ಒಂದೇ. ಪಿ.ಟಿ. ಟೀಚರ್ ಆಗಬೇಕು. ತನ್ನ ಹಾಡಿಯ ಮಕ್ಕಳು ಓದುವ ಸ್ಕೂಲಿನಲ್ಲೇ. ಅದಕ್ಕೆ ಬಿ.ಪಿ.ಎಡ್. ಸೀಟು ಬೇಕು. ಯೂನಿವರ್ಸಿಟಿ ತಂಡಕ್ಕೆ ಆಡಿದ್ದರೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುವ ದಾರಿ ಇತ್ತು. ಅಂತರ ಕಾಲೇಜು ಪಂದ್ಯದಲ್ಲಿ ಆಯ್ಕೆಗಾರರು ಅವಳನ್ನು ನೋಡಬೇಕು, ಅಷ್ಟೇ. ನೋಡಿದರೆ ಬಿಡುವುದಿಲ್ಲ ಅನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಅವಳದು ಕೊನೆಯ ವರ್ಷ. ಅಂದರೆ ಕೊನೆಯ ಅವಕಾಶ.

ಹಿಂದಿನ ವರ್ಷಗಳಲ್ಲಿ ಅವಳಿಗೆ ಹೋಗಲಾಗಿರಲಿಲ್ಲ. ಪಂದ್ಯ ಮೈಸೂರಿನಲ್ಲಿ, ಕಾಫಿ ಹಣ್ಣಾಗುವ ಹೊತ್ತಿಗೇ. ಆ ಹೊತ್ತಿಗೆ ಅವರ ಹಾಡಿಯ ಅರ್ಧ ಜನ ಕೊಡಗಿನ ತೋಟಗಳಿಗೆ ಕುಯ್ಲಿಗೆ ಹೋಗುತ್ತಾರೆ. ಅವಳ ಅಪ್ಪನನ್ನು ಕೇಳಲು ನಾನೇ ಹಾಡಿಗೆ ಹೋಗಿದ್ದೆ. ಮನುಷ್ಯ ಒಳ್ಳೆಯವನು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಕರಿ ಕಾಫಿ ಕೊಟ್ಟ.

"ಮೈಸೂರ್ಗ್ ಕಳ್ಸಕಿಲ್ಲ ಅಂತಲ್ಲ ಮಿಸ್ಸೇ" ಅಂದ. "ತ್ವಾಟದ್ ಜೀಪ್ ಬಂದ್ರೆ ನಾವು ಒಂಟೋಯ್ತೀವಿ. ನಾನೂ ನಮ್ಮೆಂಗಸ್ರೂ ಅಣ್ಣು ಕುಯ್ಯಕ್ಕೋದ್ರೆ ಅಲ್ಲಿ ಕೂಲಿಯೋರ್ ಲೈನ್ ಮನೇಲಿ ಚಿಕ್ ಮಗೀನ ನೋಡ್ಕಳೋರು ಇವ್ಳೇಯ. ಜೀಪ್ ಬರಾಗಂಟ ಏನಾದ್ರೂ ಆಡ್ಕಳ್ಲಿ."

"ಜೀಪು ಬರೋಕೆ ಮುಂಚೆ, ಇಲ್ಲೇ ನಮ್ಮ ಕಾಲೇಜಲ್ಲೇ ಪಂದ್ಯ ಇಟ್ರೆ?"

"ಅಂಗಾದ್ರೆ ನಾನೇ ಬಂದು ನೋಡ್ತೀನಿ ಬುಡಿ. ಇವ್ಳು ಅದೇನ್ ಒಡೀತಾಳೋ ನಾನೂ ನೋಡ್ಬೇಕು."

ಅವಳು ಒಳಗಿನಿಂದಲೇ ಕೂಗಿದಳು: "ಅಪ್ಪಾ, ನೀ ಬಂದ್ರೆ ಬೀಡಿ ಸೇದಂಗಿಲ್ಲ ಅಲ್ಲಿ. ಮಿಸ್ಸು ಫೈನ್ ಆಕ್ತಾರೆ."

ಅಂದಿನಿಂದ ನನಗೆ ಅದೇ ಒಂದು ಕೆಲಸ. ಯೂನಿವರ್ಸಿಟಿಯವರ ಬೆನ್ನು ಹತ್ತಿದೆ. ಈ ಸಲದ ಮಹಿಳಾ ಪಂದ್ಯ ನಮ್ಮಲ್ಲಿ ಇಡಿ, ದೀಪಾವಳಿ ಕಳೆದ ಕೂಡಲೇ ಇಡಿ ಅಂತ ಗೋಗರೆದೆ. ತಾಲ್ಲೂಕಿನಲ್ಲಿ ಕೋರ್ಟು ಎಲ್ಲಿದೆಯಮ್ಮ ಅಂತ ನಕ್ಕರು. ಬಂದು ನೋಡಿ ಅಂದೆ. ಇಬ್ಬರು ಬಂದರು. ಒಬ್ಬರು ಜೇಬಿನಿಂದ ಚೆಂಡು ತೆಗೆದು ಅಲ್ಲಲ್ಲಿ ಬೀಳಿಸಿ ನೋಡಿದರು. ಕಾಲಿನ ಹಿಮ್ಮಡಿಯಲ್ಲಿ ಮಣ್ಣು ಒತ್ತಿ ನೋಡಿದರು. "ಚೆನ್ನಾಗಿದೆ. ಇಟ್ಕೊಳಿ" ಅಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಕಿಟಕಿಗೆ ಮುಖ ಮಾಡಿಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಯಾರಿಗಾದರೂ ಹುಷಾರಿಲ್ಲವಾ ಅಂತ ಕೇಳಿತು.

ಪ್ರಿನ್ಸಿಪಾಲರು ನೋಟಿಸು ಹಾಕಿದರು. ನಮ್ಮ ಕಾಲೇಜಿನಲ್ಲಿ ವಿಶ್ವವಿದ್ಯಾಲಯ ಮಟ್ಟದ ಟೆನ್ನಿಸ್ ಪಂದ್ಯಾವಳಿ ನಡೆಯಲಿದೆ ಅಂತ. ಮಹಿಳಾ ಅನ್ನುವ ಪದ ಬಿಟ್ಟಿದ್ದರು. ಬೋರ್ಡಿನಲ್ಲಿ ಜಾಗ ಸಾಲಲಿಲ್ಲವಂತೆ.

ದೀಪಾವಳಿಗೆ ಎರಡು ದಿನ ಮುಂಚೆ ಕಾರ್ಯದರ್ಶಿಗಳು ಫೋನ್ ಮಾಡಿದರು. ದನಿಯಲ್ಲೇ ಹಬ್ಬ. "ಮೇಡಮ್ಮಾರೇ, ಇದಲ್ವಾ ಕೆಲ್ಸ ಅಂದ್ರೆ! ಯೂನಿವರ್ಸಿಟಿ ಟೆನ್ನಿಸ್ನ ನಮ್ಮೂರ್ಗೇ ತಂದ್ಬುಟ್ರಲ್ಲ! ನೀವು ಆರಾಮಾಗ್ ಅಬ್ಬ ಮುಗಿಸ್ಕಂಡ್ ಬನ್ನಿ. ಗ್ರೌಂಡ್ ವಿಚಾರ ತಲೆ ಕೆಡಿಸ್ಕಬ್ಯಾಡಿ. ನಾನ್ ನಿಂತ್ಕಂಡು ರೆಡಿ ಮಾಡಿಸ್ತೀನಿ."

ಕೊನೆಗೂ ಬೇಲಿ ಹಾಕಿಸುತ್ತಾರೆ, ನೀರಿನ ಟ್ಯಾಂಕರ್ ತರಿಸುತ್ತಾರೆ ಅಂದುಕೊಂಡೆ. "ಥ್ಯಾಂಕ್ಸ್ ಸಾರ್" ಅಂದೆ. ಹಬ್ಬದ ಒಬ್ಬಟ್ಟು ತಟ್ಟುತ್ತಾ ಗಂಡನಿಗೆ ಹೇಳಿದೆ, ಆ ಮನುಷ್ಯನನ್ನು ಸುಮ್ಮನೆ ಬೈದುಕೊಂಡೆ ಇಷ್ಟು ದಿನ, ಅರ್ಥ ಮಾಡಿಕೊಂಡಿದ್ದಾರೆ ಅಂತ.

ಹಬ್ಬ ಮುಗಿಸಿ ಹೋದ ಬೆಳಿಗ್ಗೆ ಗೇಟಿನಲ್ಲಿ ನಿಂತು ನನಗೆ ದಾರಿ ತಪ್ಪಿದೆ ಅನಿಸಿತು. ಮೈದಾನ ಒಂದೇ ಸಮ, ಊಟದ ಎಲೆ ಹಾಸಿದ ಹಾಗೆ. ಈ ತುದಿಯಿಂದ ಆ ತುದಿಗೆ ಒಂದು ಉಬ್ಬಿಲ್ಲ, ಒಂದು ಗೆರೆಯಿಲ್ಲ. ಮಧ್ಯೆ ಪಿಚ್ಚಿಗೆ ಮ್ಯಾಟ್ ಹಾಸಿದ್ದರು. ಜೆಸಿಬಿ ಇನ್ನೂ ಅಲ್ಲೇ ನಿಂತಿತ್ತು, ಮೂತಿಗೆ ಚೆಂಡು ಹೂವಿನ ಹಾರ, ಆಯುಧಪೂಜೆಯದ್ದು, ಒಣಗಿಹೋಗಿತ್ತು. ಕಾರ್ಯದರ್ಶಿಗಳು ಫೋನಿನಲ್ಲಿ ವಿಡಿಯೋ ತೆಗೆಯುತ್ತಾ ನನ್ನ ಕಡೆ ತಿರುಗಿದರು.

"ಬನ್ನಿ ಬನ್ನಿ, ಎಂಗದೆ?"

"ಸಾರ್, ಕೋರ್ಟು?"

"ಯಾವುದು?"

"ಅಲ್ಲಿ, ಆ ಮೂಲೇಲಿ..."

"ಆ ದಿಬ್ಬ್ವಾ? ತೆಗೆಸ್ಬುಟ್ಟೆ. ಲಾಂಗಾನ್ಗ್ ಓಡೋ ಉಡುಗ ಎಡವಿ ಬಿದ್ರೆ ಅಲ್ಲುದ್ರೋಯ್ತವೆ. ಕಬ್ಬಿಣದ್ ಕಂಬ ಬೇರೆ ನೆಟ್ಟಿದ್ರಿ. ತೆಗೆಯಕ್ಕೆ ಏನ್ ಕಷ್ಟ ಪಟ್ಟ ಗೊತ್ತಾ ಜೆಸಿಬಿಯವ್ನು, ಕಾಂಕ್ರೀಟ್ ಆಕ್ಸಿದ್ರಲ್ಲ!"

"ಸಾರ್, ಟೆನ್ನಿಸ್ ಆಡೋದೇ ಆ ಕೋರ್ಟಲ್ಲಿ ಸಾರ್."

ಅವರು ನನ್ನನ್ನು ಕರುಣೆಯಿಂದ ನೋಡಿದರು. ಈಗಲೂ ಆ ಮುಖ ಕಣ್ಣಮುಂದಿದೆ. ಪಾಠ ಅರ್ಥವಾಗದ ಮಗುವನ್ನು ಮೇಷ್ಟ್ರು ನೋಡುವ ಹಾಗೆ. "ಅದು ಲೇಡೀಸ್ ಟೆನ್ನಿಸ್ ಅಲ್ವೇನಮ್ಮ? ಇದು ಯೂನಿವರ್ಸಿಟೀದು!"

ಮಣ್ಣು ಎಲ್ಲಿ ಅಂತಷ್ಟೇ ಕೇಳಿದೆ. ಯಾಕೆ ಕೇಳಿದೆನೋ. "ಬೋ ಒಳ್ಳೆ ಮಣ್ಣು ಕಣಮ್ಮ, ಎಲ್ಲಿಂದ ತರಿಸಿದ್ರಿ? ನಮ್ ಲೇಔಟ್ ರೋಡಿಗ್ ಒಡಿಸ್ಬುಟ್ಟೆ. ಚಿನ್ನದಂಗ್ ಕೂತ್ಕತು" ಅಂದರು.

ಪ್ರಿನ್ಸಿಪಾಲರು ಕೋಣೆಯಲ್ಲೇ ಇದ್ದರು. ಜೆಸಿಬಿ ಸದ್ದು ಅವರಿಗೂ ಕೇಳಿತ್ತು. "ನಾನು ಹೇಳ್ಬೇಕು ಅಂತಿದ್ದೆ ಮೇಡಂ. ಅವರು ಎಷ್ಟು ಹುಮ್ಮಸ್ಸಲ್ಲಿದ್ರು ಅಂದ್ರೆ..." ಅಂದರು. ಆ ವಾಕ್ಯವನ್ನು ಅವರು ಇವತ್ತಿಗೂ ಮುಗಿಸಿಲ್ಲ.

ಮಣ್ಣಿನ ಕೋರ್ಟನ್ನು ವಾರದಲ್ಲಿ ಕಟ್ಟಲಾಗದು. ನೀರು ಕುಡಿದು, ಒಣಗಿ, ಮತ್ತೆ ಕುಡಿದು ಕೂರಬೇಕು ಅದು. ಯೂನಿವರ್ಸಿಟಿಯವರಿಗೆ ಫೋನ್ ಮಾಡಿದೆ. "ಕೋರ್ಟು ಏನಾಯ್ತು?" ಅಂದರು. ಏನಂತ ಹೇಳುವುದು? ಟೆನ್ನಿಸ್ ಟೂರ್ನಮೆಂಟಿಗೆ ಅಡ್ಡ ಬಂತು ಅಂತ ತೆಗೆಸಿದರು ಅಂದೆ. ಆ ಕಡೆಯಿಂದ ನಗು ತಡೆದುಕೊಳ್ಳುವ ಸದ್ದು. ಪಂದ್ಯ ಮೈಸೂರಿಗೆ ಹೋಯಿತು. ಅಲ್ಲಿಯ ಕೋರ್ಟುಗಳು ಖಾಲಿಯಾಗುವುದು ಡಿಸೆಂಬರಿನಲ್ಲಿ. ಡಿಸೆಂಬರ್ ಅಂದರೆ ಕಾಫಿ ಕುಯ್ಲು.

ಮೈಸೂರಿನ ದಿನಾಂಕ ಗೊತ್ತಾಗಲು ಎರಡು ವಾರ ಹಿಡಿಯಿತು, ಹಬ್ಬಕ್ಕೆ ಮನೆಗೆ ಹೋದವಳು ಅಷ್ಟರಲ್ಲೂ ವಾಪಸ್ ಬಂದಿರಲಿಲ್ಲ. ನಾನೇ ಹಾಡಿಗೆ ಹೋದೆ. ಅವಳಿಗೆ ಮೊದಲೇ ಸುದ್ದಿ ಮುಟ್ಟಿತ್ತು, ಹಾಸ್ಟೆಲ್ಲಿನ ಹುಡುಗಿಯರು ಫೋಟೋ ಕಳಿಸಿದ್ದರಂತೆ. ಗೋಣಿಚೀಲಕ್ಕೆ ಪಾತ್ರೆ ತುಂಬುತ್ತಿದ್ದಳು. ಅಪ್ಪ ನನ್ನನ್ನು ನೋಡಿ ಎದ್ದು ನಿಂತ.

"ನಾಳಿದ್ದು ಜೀಪ್ ಬತ್ತದೆ ಮಿಸ್ಸೇ."

"ಯಾವ ತೋಟ ಹೇಳಿ. ಪಂದ್ಯದ ದಿನ ನಾನೇ ಬಂದು ಕರ್ಕೊಂಡು ಹೋಗಿ, ನಾನೇ ವಾಪಸ್ ಬಿಡ್ತೀನಿ. ಚಿಕ್ಕೋನ್ನೂ ಕರ್ಕೊಂಡು ಹೋಗ್ತೀನಿ ಬೇಕಾದ್ರೆ."

ಅವನು ತಲೆ ಕೆರೆದುಕೊಂಡ. "ತ್ವಾಟ ನಮ್ಗೆಲ್ಲಿ ಗೊತ್ತು? ಜೀಪು ಎತ್ಲಾಗ್ ಓಯ್ತದೋ ಅತ್ಲಾಗೆ. ಓದ್ವರ್ಸ ಕೂಲಿಗ್ ಕರ್ಕಂಡೋದ ಮೇಸ್ತ್ರಿ ಒಂದ್ ಕಡೆ ಅಂದ, ಇಳ್ಸಿದ್ದೇ ಇನ್ನೊಂದ್ ಕಡೆ. ಓಗಿ ಫೋನ್ ಮಾಡಿಸ್ತೀನಿ ಬುಡಿ."

ಅವಳು ಚೀಲದ ಬಾಯಿ ಕಟ್ಟುತ್ತಾ ಇದ್ದಳು. ಜೋಕು ಮಾಡುತ್ತಾಳೇನೋ ಅಂತ ಕಾದೆ. "ಮಿಸ್ಸೇ, ಕಾಫಿ ಕುಡೀರಿ, ಆರೋಯ್ತದೆ" ಅಂದಳು, ಅಷ್ಟೇ.

ಜೀಪು ಹೋಯಿತು. ಫೋನು ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಕುಶಾಲನಗರದವರೆಗೆ ಹೋಗಿ ಜೀಪಿನವರನ್ನು ಕೇಳಿಕೊಂಡು ಬಂದೆ. ಒಬ್ಬ ಗೋಣಿಕೊಪ್ಪದ ಕಡೆ ಅಂದ, ಇನ್ನೊಬ್ಬ ಸುಂಟಿಕೊಪ್ಪದ ಕಡೆ ಅಂದ. ಕೊಡಗು ಅಂದರೆ ನಮ್ಮ ಮನೆ ಹಿತ್ತಲಾ, ಹುಡುಕಲು?

ಇತ್ತ ಯೂನಿವರ್ಸಿಟಿ ಕೈಕೊಟ್ಟರೂ ಫ್ಲೆಕ್ಸು ಅಚ್ಚಾಗಿತ್ತು. "ಅವ್ರು ಬರ್ದೆ ಇದ್ರೆ ಓಗ್ಲಿ ಬುಡಿ, ನಮ್ ಗ್ರೌಂಡು ನಮ್ ಟೂರ್ನಿಮೆಂಟು" ಅಂದರು ಕಾರ್ಯದರ್ಶಿಗಳು. ಸುತ್ತಮುತ್ತಲ ಊರಿನ ತಂಡಗಳೆಲ್ಲ ಬಂದವು. ನನ್ನನ್ನು ವೇದಿಕೆಗೆ ಕರೆದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮೈಕಿನವನು ಕೂಗಿದ, "ಟೆನ್ನಿಸ್ ಲೋಕಕ್ಕೆ ಅಪಾರ ಕೊಡುಗೆ ಕೊಟ್ಟ ನಮ್ಮ ಹೆಮ್ಮೆಯ ಮೇಡಂ!" ಹುಡುಗರು ಸಿಳ್ಳೆ ಹೊಡೆದರು. ಪ್ರೀತಿಯಿಂದಲೇ ಹೊಡೆದರು. ಬಹುಮಾನದ ಟಗರನ್ನು ವೇದಿಕೆಯ ಕಾಲಿಗೆ ಕಟ್ಟಿದ್ದರು. ನಾನು ಕೂತಿದ್ದಷ್ಟು ಹೊತ್ತೂ ಅದು ನನ್ನ ಶಾಲಿನ ಅಂಚು ಅಗಿಯುತ್ತಿತ್ತು. ನಾನು ಎಳೆದುಕೊಳ್ಳಲಿಲ್ಲ.

ಮೈಸೂರಿನ ಪಂದ್ಯಕ್ಕೆ ಉಳಿದ ಹುಡುಗಿಯರನ್ನು ಕರೆದುಕೊಂಡು ಹೋದೆ. ಮೊದಲ ಸುತ್ತಿನಲ್ಲೇ ಸೋತರು. ಆಯ್ಕೆಗಾರರು ಒಂದು ಖಾಲಿ ಜಾಗಕ್ಕೆ ಯಾರನ್ನು ತೆಗೆದುಕೊಳ್ಳುವುದು ಅಂತ ಚರ್ಚೆ ಮಾಡುತ್ತಿದ್ದರು. ನಾನು ಹೋಗಿ ಅವಳ ವಿಷಯ ಹೇಳಿದೆ. "ಎಲ್ಲಿದ್ದಾಳೆ ಕರೀರಿ" ಅಂದರು. ಅವರದೇನು ತಪ್ಪು, ನೋಡದೆ ಹೇಗೆ ತೆಗೆದುಕೊಳ್ಳುತ್ತಾರೆ?

ಅದಾಗಿ ಸುಮಾರು ದಿನದ ಮೇಲೆ ಯಾವುದೋ ನಂಬರಿನಿಂದ ಫೋನು. ಹಿಂದೆ ಮಲಯಾಳದಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು, ಮಗು ಅಳುತ್ತಿತ್ತು.

"ಮಿಸ್ಸೇ, ನಾನು. ಅಂಗ್ಡಿಯವ್ರ ಫೋನು. ಆಟ ಆಯ್ತಾ?"

"ಆಯ್ತು."

"ನಾವು ಗೆದ್ವಾ?"

"ಇಲ್ಲ ಕಣಮ್ಮ."

"ನಂಗೊತ್ತು ಬುಡಿ. ನಾನಿಲ್ದಿದ್ರೆ ನಿಮ್ಗೆ ಗೆಲ್ಲಕ್ಕಾಯ್ತದಾ?" ಗಂಟಿಕ್ಕಿದ ಮುಖ ಫೋನಿನಲ್ಲೇ ಕಾಣಿಸಿತು. ಆಮೇಲೆ ಕೇಳಿದಳು, "ನಮ್ ಜಾಗ್ದಲ್ಲಿ ಈಗೇನ್ ಮಾಡ್ತಾವ್ರೆ?"

"ಟೆನ್ನಿಸ್ ಆಡ್ತಾವ್ರೆ" ಅಂದೆ.

ಅವಳಿಗೆ ಅರ್ಥವಾಯಿತು. ನಕ್ಕಳು. ನಾನು ಅವಳ ನಗು ಕೇಳಿದ್ದು ಅದೊಂದೇ ಸಲ. ಅಂಗಡಿಯವನು ಫೋನು ಕೇಳಿದ, ಇಟ್ಟಳು.

ಪರೀಕ್ಷೆಗೆ ಬಂದು ಬರೆದಳು, ಪಾಸೂ ಆದಳು. ಬಿ.ಪಿ.ಎಡ್.ಗೆ ಅರ್ಜಿ ಹಾಕಿದಳು, ಸೀಟು ಬರಲಿಲ್ಲ. ಈಗ ಎಲ್ಲಿದ್ದಾಳೆ ಅಂತ ನನಗೆ ಗೊತ್ತು, ಇಲ್ಲಿ ಹೇಳಲ್ಲ. ಟೀಚರ್ ಆಗಿಲ್ಲ. ಅಷ್ಟು ಸಾಕು ನಿಮಗೆ.

ನನ್ನ ಉರಿ ಏನು ಗೊತ್ತಾ? ಆ ಮನುಷ್ಯ ದ್ವೇಷದಿಂದ ಮಾಡಿದ್ದರೆ ನಾನು ಜಗಳವಾಡುತ್ತಿದ್ದೆ. ದೂರು ಕೊಡುತ್ತಿದ್ದೆ. ದೂರಿನಲ್ಲಿ ಏನಂತ ಬರೆಯಲಿ? ಹಬ್ಬದ ದಿನ ಮನೆ ಬಿಟ್ಟು ಬಂದು, ಬಿಸಿಲಲ್ಲಿ ನಿಂತು ನನಗೆ ಉಪಕಾರ ಮಾಡಿದರು ಅಂತಲಾ? ಈಗಲೂ ಸಿಕ್ಕಾಗಲೆಲ್ಲ ಅವರೇ ನನಗೆ ಹೇಳುತ್ತಾರೆ, "ನಿಮ್ಗೋಸ್ಕರ ಅಷ್ಟ್ ಕಷ್ಟ ಬಿದ್ದು ಗ್ರೌಂಡ್ ಮಾಡ್ಸುದ್ನಲ್ಲ, ಒಂದ್ ದಿನ ಬಾಯ್ ತುಂಬ ನಗ್ಲಿಲ್ಲ ನೀವು." ಪ್ರಿನ್ಸಿಪಾಲರಿಗೆ ಬಡ್ತಿಯಾಯಿತು. ತಪಾಸಣಾ ಸಮಿತಿಗೆ ಹಳೆಯ ಕೋರ್ಟಿನ ಫೋಟೋ ತೋರಿಸಿದರಂತೆ, ಒಳ್ಳೆಯ ಅಭಿಪ್ರಾಯ ಬಂತಂತೆ.

ನಾನು ಇನ್ನೂ ಅಲ್ಲೇ ಇದ್ದೇನೆ. ಯಾಕೆ ಬಿಡಲ್ಲ ಅಂತ ಕೇಳುತ್ತೀರಿ, ಕೇಳಿಯೇ ಕೇಳುತ್ತೀರಿ. ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ಸಂಜೆ ಮನೆ ಸೇರುವಷ್ಟು ದೂರದಲ್ಲಿ ಒಂದು ಟೆನ್ನಿಸ್ ಕೋರ್ಟು ತೋರಿಸಿ, ನಾಳೆಯೇ ಬಿಡುತ್ತೇನೆ. ಬೋರ್ಡಿನ ಮೇಲೆ ಈಗಲೂ ಟೆನ್ನಿಸ್ ಕೋಚ್ ಅಂತಲೇ ಇದೆ. ಹುಡುಗರನ್ನು ಟೂರ್ನಮೆಂಟುಗಳಿಗೆ ಕರೆದುಕೊಂಡು ಹೋಗುತ್ತೇನೆ, ಯಾ‌ರ ಮೊಣಕಾಲು ತರಚಿದರೂ ಟಿಂಚರ್ ಹಚ್ಚುತ್ತೇನೆ. ಮೈದಾನದ ಆ ಮೂಲೆಯಲ್ಲಿ ಕೋರ್ಟು ಮತ್ತೆ ಮಾಡೋಣ ಅಂತ ಹೊಸ ಹುಡುಗಿಯರು ಕೇಳಿದರು. ಇಲ್ಲ ಅಂದೆ. ಗುಂಡು ಎಳೆಯುವ ಶಕ್ತಿ ಇದೆ. ಇನ್ನೊಬ್ಬಳಿಗೆ ಆಸೆ ಹುಟ್ಟಿಸುವ ಮನಸ್ಸಿಲ್ಲ.

ಈಗ ನೀವು ಬರೆಯಿರಿ. ಪಾಪ ಅಂತ, ಕೈಮುಗಿಯುವ ಚಿತ್ರ ಹಾಕಿ ಹೋಗಬೇಡಿ, ನನಗೆ ಅದು ಬೇಡ. ನಿಮ್ಮ ಕೆಲಸದ ಹೆಸರೇನು, ನಿಮ್ಮೂರು ಅದನ್ನು ಏನೆಂದು ತಿಳಿದುಕೊಂಡಿತ್ತು, ನಿಮಗೆ ಒಳ್ಳೆಯದು ಮಾಡಲು ಹೋಗಿ ಯಾರು ಏನನ್ನು ಅಗೆದು ಹಾಕಿದರು, ಅದರಿಂದ ಯಾರು ಏನು ಕಳೆದುಕೊಂಡರು, ಇಷ್ಟು ಬರೆಯಿರಿ. ಉದ್ದವಾದರೂ ಓದುತ್ತೇನೆ. ಹೆಸರುಗಳು ಬೇಡ, ಆದದ್ದು ಮಾತ್ರ ಹೇಳಿ.